ಹೊರಗಿನ ಚಿಲಕ

ನಿಲಂಗಾ
ಫೆಬ್ರವರಿ 11, 1998

ತಮ್ಮ ಸಂಜುಕುಮಾರನಿಗೆ ಅಕ್ಕ ತ್ರಿವೇಣಿಯ ಆಶೀರ್ವಾದ.

ನೀನು ಉದ್ಗೀರದ ಬಂಬಿನ ಗಾಡಿಯ ಮೇಲೆ ಹಂಗಾಮಿ ಆಳಾಗಿ ಸೇರಿದ್ದು ಅವ್ವನ ಕಾಗದದಿಂದ ತಿಳಿಯಿತು. ಒಲೆ ಹಚ್ಚು ಅಂದರೆ ಅರ್ಧ ಪೆಟ್ಟಿಗೆ ಕಡ್ಡಿ ಗೀರುತ್ತಿದ್ದವನು ಈಗ ಊರ ಬೆಂಕಿ ಆರಿಸಲು ಹೊರಟಿದ್ದಾನೆ. ಉದ್ಗೀರದವರನ್ನು ಶಿವನೇ ಕಾಪಾಡಬೇಕು.

ತಮಾಷೆ ಹಾಗಿರಲಿ. ಹಂಗಾಮಿ ಕೆಲಸ ಇವತ್ತು ಇದ್ದರೆ ನಾಳೆ ಇಲ್ಲ. ಫೈರಮನ್ ಪರೀಕ್ಷೆ ಪಾಸಾದರೆ ಕಾಯಂ ಮಾಡುತ್ತಾರೆ, ಕಾಯಂ ಆದರೆ ಠಾಣೆಯ ಹಿಂದೆ ಇರಲು ಒಂದು ಕೋಣೆ ಕೊಡುತ್ತಾರೆ ಎಂದು ಅವ್ವ ಬರೆದಿದ್ದಾಳೆ. ಆ ಕೋಣೆ ಸಿಕ್ಕ ದಿನ ನಾನು ನಿನಗೆ ರೊಟ್ಟಿ ಬಡಿದು ಹಾಕಲು ಬರುತ್ತೇನೆ. ಎಷ್ಟು ದಿನಕ್ಕೆ ಎಂದು ಕೇಳಬೇಡ.

ಓದು ನಿನಗೆ ಎಂದೂ ಒಗ್ಗಿದ್ದಲ್ಲ. ಅದಕ್ಕೆ ಹೀಗೆ ಮಾಡೋಣ. ನೀನು ಕಲಿತ ಪಾಠವನ್ನೆಲ್ಲ ಕನ್ನಡದಲ್ಲಿ ನನಗೆ ಬರೆದು ಕಳಿಸು. ನಾನು ಪ್ರಶ್ನೆ ಕೇಳುತ್ತೇನೆ, ನೀನು ಉತ್ತರ ಬರೆ, ಹತ್ತಕ್ಕೆ ಎಷ್ಟು ಎಂದು ನಾನು ಅಂಕ ಹಾಕುತ್ತೇನೆ. ಕಾಗದ ಒಡೆದು ಓದಿಯಾರು ಎಂಬ ಹೆದರಿಕೆ ಬೇಡ. ನನ್ನ ಗಂಡನ ಮನೆಯವರು ಕನ್ನಡ ಆಡುತ್ತಾರೆಯೇ ಹೊರತು ಓದಲು ಒಬ್ಬರಿಗೂ ಬರುವುದಿಲ್ಲ. ಇವರದೆಲ್ಲ ಮರಾಠಿ ಶಾಲೆ. ಅವ್ವ ಬೂದಿಯ ಮೇಲೆ ನಮಗೆ ಅಕ್ಷರ ತಿದ್ದಿಸಿದ್ದು ಈಗ ಉಪಯೋಗಕ್ಕೆ ಬಂತು.

ಅಕ್ಷರ ಸೊಟ್ಟಗಿವೆ ಎಂದು ನಗಬೇಡ. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಉಳುಕಿದೆ. ಎಡಗೈಯಿಂದ ಬರೆಯುತ್ತಿದ್ದೇನೆ.

ನಿನ್ನ ಅಕ್ಕ
ತ್ರಿವೇಣಿ

•

ಉದ್ಗೀರ
ಮಾರ್ಚ್ 6, 1998

ಅಕ್ಕನ ಪಾದಕ್ಕೆ ಸಂಜುವಿನ ಶರಣು.

ಪಾಠ ಕಳಿಸು ಅಂದೆಯಲ್ಲ, ಮೊದಲು ಏಟಿನ ಪಾಠ ಕೇಳು. ಕಳೆದ ತಿಂಗಳು ರಸ್ತೆಯಲ್ಲಿ ಒಂದು ಲಾರಿ ಹೊತ್ತಿಕೊಂಡಿತು. ನಾವು ಹೋಗುವಷ್ಟರಲ್ಲಿ ಚಾಲಕ ಕೂತಲ್ಲೇ ಸುಟ್ಟುಹೋಗಿದ್ದ. ‘ಬಂಬ ತಡಾ ಮಾಡಿ ಬಂತು, ಹೊಡೀರಿ ಸೂಳೆಮಕ್ಕಳಿಗೆ’ ಎಂದು ಜನ ನಮ್ಮ ಮೇಲೆಯೇ ಬಿದ್ದರು. ಒಂದು ಕಲ್ಲು ನನ್ನ ಕಿವಿಯ ಹಿಂದೆ ಬಡಿದು ಅಂಗಿಯೆಲ್ಲ ರಕ್ತವಾಯಿತು. ಅದೇ ಅಂಗಿಯಲ್ಲಿ ಆ ಚಾಲಕನನ್ನು ಸೀಟಿನಿಂದ ಬಿಡಿಸಿದೆ. ಬಿಡಿಸುವಾಗ ಕೈಗೆ ಏನು ಬಂತು ಎಂದು ಬರೆಯಲಾರೆ. ಆಮೇಲೆ ಬಹಳ ದಿನ ಊಟ ಸೇರಲಿಲ್ಲ.

ಈಗ ಪುಸ್ತಕದ ಪಾಠ. ನಮ್ಮ ಠಾಣೆಯ ಹಿರಿಯರು ರಶೀದಸಾಬರು ಎಂದು ಇದ್ದಾರೆ. ಅವರು ನನಗೆ ಬಾಗಿಲನ್ನೇ ದಿನವೂ ಪಾಠ ಮಾಡುತ್ತಾರೆ. ‘ಆಗ್ ಭೂಕೀ ರಹತೀ, ಬೇಟಾ. ಬಂದ್ ಕಮರೇ ಮೇಂ ಸೋತೀ ನಹೀಂ, ದರವಾಜೇ ಕೀ ರಾಹ ದೇಖತೀ.’ ಬೆಂಕಿಗೆ ಸದಾ ಹಸಿವು, ಮುಚ್ಚಿದ ಕೋಣೆಯಲ್ಲಿ ಅದು ಮಲಗುವುದಿಲ್ಲ, ಬಾಗಿಲು ಯಾರು ತೆಗೆಯುತ್ತಾರೆ ಎಂದು ದಾರಿ ಕಾಯುತ್ತದೆ ಎಂದರ್ಥ. ಒಳಗೆ ಗಾಳಿ ತೀರಿರುತ್ತದೆ. ತಿಳಿಯದವನು ನಿಂತುಕೊಂಡೇ ಬಾಗಿಲು ತೆಗೆದರೆ ಹೊಸ ಗಾಳಿ ಒಳಗೆ ನುಗ್ಗಿ, ಉರಿ ಅವನ ಮುಖಕ್ಕೇ ಹಾರುತ್ತದೆ. ಅದಕ್ಕೆ ಮೊದಲು ಅಂಗೈ ಹಿಂಭಾಗದಿಂದ ಬಾಗಿಲು ಮುಟ್ಟಿ ನೋಡಬೇಕು. ಬಿಸಿ ಇದ್ದರೆ ನೀರು ಬರುವ ತನಕ ತೆಗೆಯಬಾರದು.

ಒಳಗೆ ಸಿಕ್ಕಿಬಿದ್ದವನು ನಿಲ್ಲಬಾರದು. ಹೊಗೆ ಮೇಲಿರುತ್ತದೆ, ಉಸಿರು ನೆಲದಲ್ಲಿರುತ್ತದೆ. ಹೊಟ್ಟೆಯ ಮೇಲೆ ಮಲಗಿ, ಎಡಗೈಯನ್ನು ಗೋಡೆಗೆ ತಾಗಿಸಿ ತೆವಳಬೇಕು. ಗೋಡೆ ಬಿಟ್ಟವನು ಸತ್ತ.

ಅಕ್ಕಾ, ಹೋದ ದೀಪಾವಳಿಗೂ ನೀನು ಬಚ್ಚಲಲ್ಲೇ ಜಾರಿದ್ದೆ. ಆ ಬಚ್ಚಲನ್ನು ನಾನು ನೋಡಿದ್ದೇನೆ, ಅಂಥ ಒರಟು ಕಲ್ಲಿನ ಮೇಲೆ ಎಮ್ಮೆಯೂ ಜಾರುವುದಿಲ್ಲ. ನಡೆದದ್ದು ಬರೆ.

ನಿನ್ನ ತಮ್ಮ
ಸಂಜು

•

ನಿಲಂಗಾ
ಏಪ್ರಿಲ್ 2, 1998

ಸಂಜೂ,

ಹತ್ತಕ್ಕೆ ಏಳು. ಒಳಗೆ ಮನುಷ್ಯರಿದ್ದರೆ ಮೊದಲು ಎಲ್ಲಿ ಹುಡುಕಬೇಕು ಎಂಬುದನ್ನು ನೀನು ಬರೆದಿಲ್ಲ. ನಾನು ಹೇಳುತ್ತೇನೆ: ಬಾಗಿಲ ಹತ್ತಿರ. ಅಪ್ಪ ಸಿಕ್ಕಿದ್ದು ಅಲ್ಲೇ.

ನೀನು ಆಗ ಚಿಕ್ಕವನು, ನಿನ್ನನ್ನು ಹತ್ತಿರ ಬಿಟ್ಟಿರಲಿಲ್ಲ. ನಾನು ನೋಡಿದ್ದೇನೆ. ಭೂಕಂಪದ ಆ ರಾತ್ರಿ ಭೂಮಿ ಅಲುಗಿದಾಗ ಗೋಡೆ ವಾಲಿ ಒಳಗಿನ ಚಿಲಕ ಬಿಗಿದುಕೊಂಡಿತು. ಅವ್ವ, ನೀನು, ನಾನು ಅಂಗಳದಲ್ಲಿ ಮಲಗಿದ್ದೆವು. ಅಪ್ಪ ಒಳಗಿದ್ದ. ‘ತ್ರಿವೇಣೀ, ಬಾಗಲ ದಬ್ಬು’ ಎಂದು ಕೂಗಿದ. ನಾನು ದಬ್ಬಿದೆ. ಮೇಲಿನ ಮಣ್ಣು ಕಲ್ಲು ಎಲ್ಲ ಕುಸಿಯಿತು. ತೆಗೆದಾಗ ಅಪ್ಪನ ಬೆರಳು ಇನ್ನೂ ಚಿಲಕದ ಮೇಲಿದ್ದವು.

ಆ ಮೇಲೆ ನಮ್ಮ ಕಡೆ ಮನೆಮನೆಯಲ್ಲೂ ಒಳಗಿನ ಚಿಲಕ ಕೀಳಿಸಿದರಲ್ಲ, ಈ ಮನೆಯಲ್ಲೂ ಹಾಗೇ ಆಯಿತು. ನಮ್ಮ ಅತ್ತೆ ಸುಮನಬಾಯಿ ಬಡಿಗನನ್ನು ಕರೆಸಿ ಇವರ ಕಿರಾಣಿ ಅಂಗಡಿಯ ಹಿಂದಿನ ಗೋದಾಮಿನ ಬಾಗಿಲನ್ನೂ ಬಿಡದೆ ಎಲ್ಲ ಒಳಚಿಲಕ ಕೀಳಿಸಿದರು. ಹೊರಗಿನ ಸರಪಳಿಗಳು ಉಳಿದವು. ಅವು ನನ್ನ ಪಾಲಿಗೆ ಬಂದವು.

ನಿನ್ನ ದಾಜಿಗೆ, ನನ್ನ ಗಂಡ ಸಿದ್ಧೇಶ್ವರರಿಗೆ, ಮದುವೆಯಾದ ಹೊಸತರಲ್ಲಿ ಬರೀ ಕೈಯಿಂದ ಹೊಡೆಯಲು ಗೊತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಒಂದು, ಗಿರಾಕಿಯ ಕಡೆ ನೋಡಿದರೆ ಒಂದು. ಒಮ್ಮೆ ಸಿಟ್ಟಿನಲ್ಲಿ ಆ ಗೋದಾಮಿಗೆ ದಬ್ಬಿ ಹೊರಗಿನಿಂದ ಸರಪಳಿ ಹಾಕಿದರು. ಮುಚ್ಚಿದ ಬಾಗಿಲು ನೋಡಿ ನಾನು ಹುಚ್ಚಿಯ ಹಾಗೆ ಕಿರುಚಿದೆ, ಸೀರೆಯಲ್ಲೇ ಉಚ್ಚೆ ಹೊಯ್ದುಕೊಂಡೆ. ಅವರಿಗೆ ಹೊಸ ಆಟ ಸಿಕ್ಕಿತು. ಈಗ ಅರ್ಧ ಏಟು, ಅರ್ಧ ಬಾಗಿಲು. ಆಚೆ ಕಡೆ ಅಡಿಕೆ ಕಡಿಯುತ್ತ ಕೂತು ಕೇಳುತ್ತಾರೆ. ನಾನು ‘ತೆಗೀರಿ, ನಿಮ್ಮ ಕಾಲಿಗಿ ಬೀಳ್ತೀನಿ, ತೆಗೀರಿ’ ಎನ್ನಬೇಕು. ಎಷ್ಟು ಬೇಡುತ್ತೇನೋ ಅಷ್ಟು ತಡ. ನಾನು ಹೇಳಿದ್ದರ ತಿರುವು ಮಾಡುವುದೇ ಅವರ ಗಂಡಸುತನ. ಛತ್ರಿ ಒಯ್ಯಿರಿ ಅಂದರೆ ತೊಯ್ಸಿಕೊಂಡು ಬರುತ್ತಾರೆ, ಆಮೇಲೆ ನೆಗಡಿಯಾಯಿತೆಂದು ನನಗೇ ಬಾರಿಸುತ್ತಾರೆ.

ಸಂಕ್ರಾಂತಿಗೆ ತವರಿಗೆಂದು ತುರೋರಿಗೆ ಹೋದವಳು ಅಲ್ಲೇ ಉಳಿದುಕೊಂಡಿದ್ದೆ. ಇವರು ನಾಲ್ಕು ಮಂದಿ ಹಿರಿಯರನ್ನು ಕರೆತಂದರು. ಅವರು ರಸ್ತೆಬದಿಯ ಅವ್ವನ ಅಂಗಡಿಯಲ್ಲಿ ಅವ್ವ ಮಾಡಿದ ಚಹಾ ಕುಡಿದು, ‘ಗಂಡ ಹೆಂಡಿರ ಜಗಳ ಉಂಡು ಮಲಗೂ ತನಕ’ ಎಂದು ಹೇಳಿ ನನ್ನನ್ನು ಜೀಪಿಗೆ ಹತ್ತಿಸಿದರು. ಅವ್ವನ ತಗಡಿನ ಕೋಣೆಗೆ ಬಾಗಿಲೇ ಇಲ್ಲ, ಪಾಪ, ಅವಳು ಯಾರನ್ನು ತಡೆದಾಳು?

ನೀನು ಬರಬೇಡ. ಪಾಸಾಗಿ ಕೋಣೆ ಹಿಡಿ. ನನಗೆ ಬೇಕಾದದ್ದು ನಿನ್ನ ಸಿಟ್ಟಲ್ಲ, ಆ ಕೋಣೆ.

ತ್ರಿವೇಣಿ

•

ನಿಲಂಗಾ
ಮೇ 9, 1998

ಸಂಜೂ,

ಬೇಡ ಎಂದರೂ ನೀನು ಬಂದೆ. ಈ ಮನೆಯ ಗಾಳಿ ನಿನಗೂ ತಾಗಿತೇನು?

ತಕ್ಕಡಿಯ ಮೇಲಿದ್ದ ಕಬ್ಬಿಣದ ತೂಕ ಎತ್ತಿ ಅವರ ದವಡೆಗೆ ಹಾಕಿದೆಯಲ್ಲ, ಎರಡು ಹಲ್ಲು ಉದುರಿವೆ. ರಕ್ತ ಬೆಲ್ಲದ ಪೆಂಟೆಯ ಮೇಲೆ ಸಿಡಿಯಿತು. ಅತ್ತೆ ಆ ಬೆಲ್ಲ ಎಸೆಯಲಿಲ್ಲ, ಒರೆಸಿ ಮಾರಿದರು. ನೀನು ಅವರ ಎದೆಯ ಮೇಲೆ ಕೂತು ಗುದ್ದುವಾಗ ನಾನು ಬಾಗಿಲ ಹಿಂದೆ ನಿಂತು ಎಣಿಸುತ್ತಿದ್ದೆ. ಇನ್ನೊಂದು ಹಾಕು, ಇನ್ನೊಂದು ಹಾಕು ಎಂದು ಮನಸ್ಸು ಕುಣಿಯಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಆದರೆ ನೀನು ಹೊಡೆದು ಬಸ್ಸು ಹತ್ತಿದೆ. ನಾನು ಇಲ್ಲೇ ಉಳಿದೆ.

ಒನಕೆಯಿಂದ ಹೊಡೆದಿದ್ದಾರೆ. ಪಕ್ಕೆಲುಬು ಮುರಿದಿರಬೇಕು, ಉಸಿರು ಎಳೆದರೆ ಒಳಗೆ ಚುಚ್ಚುತ್ತದೆ. ಆಮೇಲೆ ಗೋದಾಮು. ಪಕ್ಕದ ಮನೆಯ ಕಸ್ತೂರಬಾಯಿ ಬಂದು ‘ಸತ್ತು ಗಿತ್ತಾಳ, ತೆಗೀಯಪ್ಪಾ’ ಎಂದು ಅತ್ತ ಮೇಲೆ ಸರಪಳಿ ತೆಗೆದರು. ನಾನು ಬೇಡಿದ್ದಕ್ಕಲ್ಲ.

ಇನ್ನೊಮ್ಮೆ ಬಂದರೆ ನಿನ್ನ ಮೇಲೆ ಪೊಲೀಸರಲ್ಲಿ ಗುನ್ಹೆ ದಾಖಲು ಮಾಡಿಸುತ್ತಾರಂತೆ. ಗುನ್ಹೆ ಇದ್ದವನನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂಬುದನ್ನೂ ಯಾರನ್ನೋ ಕೇಳಿ ತಿಳಿದುಕೊಂಡಿದ್ದಾರೆ. ನಿನ್ನ ಪರೀಕ್ಷೆ ಹೋದರೆ ನನ್ನ ಕೋಣೆ ಹೋಯಿತು. ಇಷ್ಟು ತಲೆಯಲ್ಲಿಟ್ಟುಕೋ.

ಪ್ರಶ್ನೆ: ಒಂದೇ ಬಾಗಿಲಿನ ಕೋಣೆ, ಆ ಬಾಗಿಲೂ ತೆರೆಯದು. ಒಳಗಿದ್ದವರು ಏನು ಮಾಡಬೇಕು? ಪರೀಕ್ಷೆಗೆ ಬರುತ್ತದೋ ಇಲ್ಲವೋ, ಇದು ನನಗೆ ಬೇಕು.

ತ್ರಿವೇಣಿ

•

ಉದ್ಗೀರ
ಜೂನ್ 14, 1998

ಅಕ್ಕಾ,

ನಿನ್ನ ಕಾಗದ ಓದಿ ಠಾಣೆಯ ಗೋಡೆಗೆ ತಲೆ ಚಚ್ಚಿಕೊಂಡೆ. ಇಷ್ಟು ದಿನ ಉತ್ತರ ಬರೆಯಲು ಮುಖ ಇರಲಿಲ್ಲ. ರಶೀದಸಾಬರಿಗೆ ಎಲ್ಲ ಹೇಳಿದೆ. ಅವರು ನನ್ನ ಕೆನ್ನೆಗೆ ಎರಡು ಬಾರಿಸಿ, ‘ಬೆಂಕಿಗಿ ಎಣ್ಣಿ ಹಾಕಿ ಬಂದಿ, ಮತ್ತ ಬಂಬಿನ ಮ್ಯಾಲ ಹತ್ತತಿ ಏನು?’ ಎಂದರು. ತಪ್ಪಾಯಿತು. ಇನ್ನು ಪರೀಕ್ಷೆ ಮುಗಿಯುವ ತನಕ ನಿಲಂಗಾದ ಬಸ್ಸಿನ ಕಡೆ ತಿರುಗಿಯೂ ನೋಡುವುದಿಲ್ಲ.

ನಿನ್ನ ಪ್ರಶ್ನೆ ಪುಸ್ತಕದಲ್ಲಿಲ್ಲ. ರಶೀದಸಾಬರೇ ಉತ್ತರ ಕೊಟ್ಟರು. ನಮ್ಮ ಸೀಮೆಯಲ್ಲಿ ಭೂಕಂಪ ನೋಡಿದ ಹಳೆಯ ಕಲ್ಲಿನ ಗೋಡೆ ಎಲ್ಲಾದರೂ ಒಂದು ಕಡೆ ತೇಪೆ ಹಾಕಿಸಿಕೊಂಡೇ ಇರುತ್ತದೆ. ಬಿರುಕು ಬಿಟ್ಟಲ್ಲಿ ಕಲ್ಲು ತೆಗೆದು ಇಟ್ಟಂಗಿ ತುಂಬಿ ಮಣ್ಣು ಮೆತ್ತಿರುತ್ತಾರೆ. ನೆಲದ ಹತ್ತಿರ ಬೆರಳಿನಿಂದ ಬಡಿಯುತ್ತ ಹೋಗಬೇಕು. ಕಲ್ಲು ಸದ್ದು ಮಾಡುವುದಿಲ್ಲ, ತೇಪೆ ಟೊಳ್ಳಾಗಿ ಮಾತಾಡುತ್ತದೆ. ಅಲ್ಲಿ ಕಬ್ಬಿಣದಿಂದ ಹೊಡೆಯಬೇಕು.

ಪರೀಕ್ಷೆ ಸೆಪ್ಟೆಂಬರಿನಲ್ಲಿ. ಆಳನ್ನು ಹೆಗಲ ಮೇಲೆ ಹೊತ್ತು ಓಡಬೇಕು, ಏಣಿ ಹತ್ತಬೇಕು, ಬಾಯಿಪಾಠ ಒಪ್ಪಿಸಬೇಕು. ದಿನವೂ ಜೋಳದ ಚೀಲ ಹೊತ್ತು ಓಡುತ್ತೇನೆ. ಹೆಗಲ ಚರ್ಮ ಸುಲಿದಿದೆ. ಆ ಚೀಲ ನೀನೇ ಎಂದುಕೊಳ್ಳುತ್ತೇನೆ, ಇಳಿಸಲು ಮನಸ್ಸಾಗುವುದಿಲ್ಲ.

ಸಂಜು

•

ನಿಲಂಗಾ
ಆಗಸ್ಟ್ 3, 1998

ಸಂಜೂ,

ರಶೀದಸಾಬರಿಗೆ ಹತ್ತಕ್ಕೆ ಹತ್ತು. ನಿನಗೆ ಒಂಬತ್ತು, ಅಕ್ಕನನ್ನು ಜೋಳದ ಚೀಲ ಎಂದದ್ದಕ್ಕೆ ಒಂದು ಕಡಿತ.

ತೇಪೆ ಸಿಕ್ಕಿತು. ಹಿಂಡಿ ಚೀಲಗಳ ಹಿಂದೆ, ಹಿತ್ತಲ ಓಣಿಯ ಕಡೆ ಇದೆ. ಪಂಚಮಿಗೆ ತವರಿಗೆ ಕಳಿಸಿರಿ ಎಂದು ಕೇಳಿದ್ದಕ್ಕೆ ಒಳಗೆ ಹಾಕಿದ್ದರು. ಈ ಸಲ ಬಾಯಿಂದ ‘ತೆಗೀರಿ, ತೆಗೀರಿ’ ಎನ್ನುತ್ತ ಬೆರಳಿನಿಂದ ಗೋಡೆ ಬಡಿಯುತ್ತಿದ್ದೆ. ನೀನು ಅವರ ಹಲ್ಲು ಉದುರಿಸಿದ ತೂಕವನ್ನು ಆಮೇಲೆ ಸೆರಗಿನಲ್ಲಿ ತಂದು ಚೀಲದ ಸಂದಿಯಲ್ಲಿ ಇಟ್ಟಿದ್ದೇನೆ. ಅಂಗಡಿಯಲ್ಲಿ ತೂಕ ಎಲ್ಲಿ ಎಂದು ಹುಡುಕುತ್ತಿದ್ದಾರೆ.

ಈಗಲೇ ಒಡೆದು ಯಾಕೆ ಬರುವುದಿಲ್ಲ ಎಂದೀಯ. ಓಣಿಗೆ ಬಿದ್ದು ಎಲ್ಲಿಗೆ ಹೋಗಲಿ? ಮತ್ತೆ ನಾಲ್ಕು ಮಂದಿ ಹಿರಿಯರು, ಮತ್ತೆ ಜೀಪು. ನಿನ್ನ ಕೋಣೆ ಸಿಗಲಿ.

ಓದು.

ತ್ರಿವೇಣಿ

•

ಉದ್ಗೀರ
ಸೆಪ್ಟೆಂಬರ್ 13, 1998, ಸಂಜೆ

ಅಕ್ಕಾ!

ಮುಗಿಯಿತು. ಈ ಕಾಗದಕ್ಕಿಂತ ಮೊದಲು ನಾನೇ ನಿನ್ನ ಹತ್ತಿರ ಬರುತ್ತೇನೆ, ಆದರೂ ಬರೆಯುತ್ತಿದ್ದೇನೆ, ಕೈ ಸುಮ್ಮನಿರಲೊಲ್ಲದು.

ಹೊತ್ತು ಓಡುವುದರಲ್ಲಿ ನನ್ನ ಹಿಂದೆ ಎಲ್ಲರೂ ಉಳಿದರು. ಏಣಿಯ ಮೇಲೆ ಒಬ್ಬ ಹುಡುಗ ಕೈಜಾರಿ ಬಿದ್ದ, ತೊಡೆಯ ಎಲುಬು ಚರ್ಮ ಹರಿದು ಹೊರಗೆ ಬಂತು. ಅವನನ್ನು ಎತ್ತಿ ಒಯ್ದರು, ಏಣಿಯ ರಕ್ತ ಒರೆಸಿದರು, ಮುಂದಿನವನು ನಾನು. ನೀನು ನೆನಪಾದೆ, ಹತ್ತಿದೆ.

ಕೊನೆಗೆ ಸಾಹೇಬರು ಕೇಳಿದ್ದು ಏನು ಗೊತ್ತೇ? ಮುಚ್ಚಿದ ಕೋಣೆ, ಒಳಗೆ ಹೊಗೆ, ಬಾಗಿಲು ಬಿಸಿ, ಏನು ಮಾಡುತ್ತೀ? ನಿನಗೆ ಬರೆದ ಹಾಗೇ ಒಪ್ಪಿಸಿದೆ. ‘ಶಾಬಾಸ’ ಎಂದರು. ಪಾಸು ಖಂಡಿತ ಎಂದು ರಶೀದಸಾಬರ ಅಂದಾಜು. ಕೋಣೆಯ ಮಾತನ್ನೂ ಆಡಿಬಂದಿದ್ದಾರೆ.

ನಾಳೆ ಬೆಳಿಗ್ಗೆ ಅವರನ್ನೂ ಕರೆದುಕೊಂಡು ಮೊದಲ ಬಸ್ಸಿಗೆ ಬರುತ್ತೇನೆ. ಕೈ ಎತ್ತುವುದಿಲ್ಲ, ಆಣೆ. ಬಟ್ಟೆ ಗಂಟು ಕಟ್ಟಿಡು.

ನಿನ್ನ ಫೈರಮನ್
ಸಂಜು

•

ತುರೋರಿ
ನವೆಂಬರ್ 8, 1998

ತಮ್ಮಾ ಸಂಜೂ,

ಪರೀಕ್ಷೆಯ ಸಂಜೆ ನೀನು ಬರೆದ ಕಾಗದ ನಿಲಂಗಾದಿಂದ ತಿರುಗಿ ಮೊನ್ನೆ ಇಲ್ಲಿಗೆ ಬಂತು. ಪಾಸಾದೆ ಎಂಬ ಸುದ್ದಿಯೂ ಹಿಂದೆಯೇ ಬಂತು. ಅವ್ವ ಅಂಗಡಿಗೆ ಬಂದ ಲಾರಿಯವರಿಗೆಲ್ಲ ಪುಕ್ಕಟೆ ಚಹಾ ಕೊಟ್ಟಳು. ಅಂಗೈಯ ಸುಟ್ಟ ಗಾಯ ಮಾಯ್ದಿದೆ, ಬಲಗೈಯಿಂದಲೇ ಬರೆಯುತ್ತಿದ್ದೇನೆ.

ನನ್ನನ್ನು ಇಲ್ಲಿ ಬಿಟ್ಟು ಹೊರಟಾಗ ಬಸ್ ಸ್ಟ್ಯಾಂಡಿನಲ್ಲಿ ನೀನು ಒಂದು ಮಾತು ಕೇಳಿದೆ. ನಾನು ಮುಖ ತಿರುಗಿಸಿದೆ. ಇವತ್ತು ಉತ್ತರ ಬರೆಯುತ್ತೇನೆ. ಮೊದಲಿಂದ ಹೇಳುತ್ತೇನೆ, ಯಾಕೆಂದರೆ ಪೊಲೀಸರಿಗೆ ಅವರು ಕೇಳಿದಷ್ಟೇ ಹೇಳಿದ್ದೇನೆ.

ನೀನು ಆ ಕಾಗದ ಬರೆಯುತ್ತಿದ್ದ ಹೊತ್ತಿಗೇ ಇರಬೇಕು, ದೀಪ ಹಚ್ಚುವ ಸಮಯ. ಕರೆಂಟು ಹೋಗಿತ್ತು. ನನ್ನ ಗಂಡ ಕಂದೀಲು ಹಿಡಿದು ಹಿಂಡಿ ಚೀಲ ತೆಗೆಯಲು ಗೋದಾಮಿಗೆ ಹೋದರು. ಚೀಲ ಎಳೆದಾಗ ಸಂದಿಯಿಂದ ಆ ತೂಕ ಅವರ ಕಾಲ ಮೇಲೆ ಬಿತ್ತು. ನನ್ನನ್ನು ಜಡೆ ಹಿಡಿದು ಎಳೆತಂದರು. ‘ಯಾರ ತಲಿ ಒಡಿಲಾಕ ಬಚ್ಚಿಟ್ಟಿ ಇದು? ನಂದಾ?’ ಎಂದು ತೂಕ ಬೀಸಿದರು. ಕಿವಿಯ ಪಕ್ಕದಲ್ಲಿ ಹಾದು ಗೋಡೆಗೆ ಬಡಿಯಿತು. ಹೊಟ್ಟೆಗೆ ಒದ್ದರು, ಬಿದ್ದೆ. ಬಿದ್ದವಳ ಮೇಲೆ ಕಂದೀಲು ಎಸೆದರು. ಅದು ನನಗೆ ತಾಗದೆ ಗೋಣಿಚೀಲದ ರಾಶಿಯ ಮೇಲೆ ಒಡೆಯಿತು. ನೆಲದ ಮೇಲಿನ ಉರಿಯನ್ನು ಕಾಲಿಂದ ತುಳಿದು ಆರಿಸಿ, ಹೊರಗೆ ಹೋಗಿ ಸರಪಳಿ ಹಾಕಿದರು. ಸೀಮೆಎಣ್ಣೆ ರಾಶಿಯ ಒಳಗೆ ಇಳಿದದ್ದು ಅವರಿಗೆ ಕಾಣಲಿಲ್ಲ.

ಹೊಗೆ ಬಂತು. ಸಂಜೂ, ನಾನು ಅವತ್ತು ‘ತೆಗೀರಿ’ ಎನ್ನಲಿಲ್ಲ. ಮೊದಲ ಸಲ. ಹೊಟ್ಟೆಯ ಮೇಲೆ ಮಲಗಿದೆ, ಎಡಗೈ ಗೋಡೆಗೆ ತಾಗಿಸಿದೆ. ಕಣ್ಣು ಉರಿದು ಏನೂ ಕಾಣದು. ತೆವಳುವಾಗ ತೂಕ ಕೈಗೆ ಸಿಕ್ಕಿತು. ತೇಪೆ ಸಿಕ್ಕಿತು. ಹೊಡೆದೆ. ಅವರ ಮುಖಕ್ಕೆ ಹೊಡೆದ ಹಾಗೆ ಹೊಡೆದೆ. ಮೇಲಿಂದ ಉರಿಯುವ ಗೋಣಿ ಬಿದ್ದು ಅಂಗೈ ಸುಟ್ಟಿತು, ಜಡೆ ಹೊತ್ತಿತು. ಇಟ್ಟಂಗಿ ಉದುರಿದವು, ಓಣಿಗೆ ಬಿದ್ದೆ. ನನ್ನ ಹಿಂದೆಯೇ ಹಿಂಡಿ ಚೀಲವೊಂದು ಜಾರಿ ಕಿಂಡಿಯನ್ನು ಮುಕ್ಕಾಲು ಮುಚ್ಚಿತು. ಕಸ್ತೂರಬಾಯಿ ಓಡಿಬಂದು ಕೊಡದ ನೀರು ತಲೆಗೆ ಸುರಿದಳು.

ಆಗ ಒಳಗಿಂದ, ಆ ಕಿಂಡಿಯ ಆಚೆಯಿಂದ, ಸರಪಳಿಯ ಸದ್ದು ಕೇಳಿತು. ಹೊಗೆ ನೋಡಿ ಜನ ಕೂಡಿದ್ದರು. ಅತ್ತೆ ‘ಮಾಲ ಹೋತು, ಮಾಲ ಹೋತು’ ಎಂದು ಅಳುತ್ತಿದ್ದರು. ನನ್ನ ಗಂಡ ಬಾಗಿಲ ಮುಂದೆ ಇದ್ದರು. ನಾನು ಕಿಂಡಿಗೆ ಬಾಯಿಟ್ಟು ಕೂಗಿದೆ: ‘ತೆಗೀಬ್ಯಾಡ್ರಿ! ಬಾಗಲ ತೆಗೀಬ್ಯಾಡ್ರಿ!’

ಸರಪಳಿಯ ಸದ್ದು ನಿಂತಿತು. ನನ್ನ ಮಾತು ಕೇಳಿಸಿತ್ತು. ಆಮೇಲೆ ಅವರ ದನಿ: ‘ಮೂರು ವರ್ಸ ತೆಗೀರಿ ತೆಗೀರಿ ಅಂತ ಬಡಕೊಂಡಿ, ಈಗ ಬ್ಯಾಡಂತಿ? ಒಳಗ ಕೂತು ನನ್ನ ಮಾಲ ಸುಡ್ತಿ ಏನಾ ರಂಡೆ? ನಿಂದ್ರು, ಬಂದೆ.’

ಸರಪಳಿ ಬಿತ್ತು. ನನ್ನ ಮುಖದ ಮೇಲಿಂದ ಗಾಳಿ ಕಿಂಡಿಯೊಳಗೆ ಎಳೆದುಕೊಂಡಿತು. ಆಮೇಲೆ ಧಡ್ ಎಂದಿತು. ಅಷ್ಟು ದೊಡ್ಡ ಸದ್ದನ್ನು ನಾನು ಭೂಕಂಪದಲ್ಲಿ ಮಾತ್ರ ಕೇಳಿದ್ದೆ.

ಅವರು ಬೀದಿಯ ತನಕ ಉರಿಯುತ್ತ ಓಡಿದ್ದನ್ನು ನಿಲಂಗಾದವರೆಲ್ಲ ನೋಡಿದರು. ಲಾತೂರಿನ ದವಾಖಾನೆಯಲ್ಲಿ ಎರಡು ದಿನ ಇದ್ದರು. ಮುಖ ಎಂಬುದು ಉಳಿದಿರಲಿಲ್ಲ. ‘ಒಳಗಿಂದ ಚಿಲಕ ಹಾಕ್ಕೊಂಡು ಬೆಂಕಿ ಹಚ್ಚ್ಯಾಳ’ ಎಂದು ಅತ್ತೆ ಪೊಲೀಸರಿಗೆ ಹೇಳಿದರು. ಬಾಗಿಲಿಗೆ ಒಳಚಿಲಕವೇ ಇರಲಿಲ್ಲ, ಬಡಿಗನಿಂದ ಕೀಳಿಸಿದವರು ಅವರೇ. ಆದರೂ ನನ್ನನ್ನು ಬಿಡಿಸಿದ್ದು ಅದಲ್ಲ. ಸಾಯುವ ಮೊದಲು ನನ್ನ ಗಂಡ ಪೊಲೀಸ್ ಸಾಹೇಬರ ಮುಂದೆ ನಿಜ ಹೇಳಿದರು. ‘ಕಂದೀಲ ನಾನೇ ಒಗದೆ. ಆಕಿ ತೆಗೀಬ್ಯಾಡ್ರಿ ಅಂದ್ಳು. ನಾ ತೆಗದೆ.’ ಮೂರು ವರ್ಷದಲ್ಲಿ ನನ್ನ ಪರವಾಗಿ ಅವರು ಆಡಿದ್ದು ಅದೊಂದೇ ಮಾತು.

ಇಲ್ಲಿ ಅವ್ವನ ಕೋಣೆಗೆ ಬಾಗಿಲು ಹಾಕಿಸಿದೆ. ಒಳಗೆ ಚಿಲಕವನ್ನೂ ಹಾಕಿಸಿದೆ. ಅವ್ವ ಹೆದರಿದಳು, ನಾನು ಕೇಳಲಿಲ್ಲ. ಮಲಗುವಾಗ ನಾನೇ ಹಾಕುತ್ತೇನೆ, ಎದ್ದಾಗ ನಾನೇ ತೆಗೆಯುತ್ತೇನೆ. ಈಗ ಚಿಲಕ ನನ್ನ ಕಡೆ ಇದೆ. ಸಾಮಾನು ಕಟ್ಟಿದ್ದೇನೆ, ಈ ಶನಿವಾರ ಉದ್ಗೀರದ ನಿನ್ನ ಕೋಣೆಗೆ ಬರುತ್ತೇನೆ. ಅದಕ್ಕೆ ಮೊದಲು ನಿನ್ನ ಪ್ರಶ್ನೆ ತೀರಿಸಬೇಕು.

‘ಅಕ್ಕಾ, ಬ್ಯಾಡ ಅಂದ್ರ ಅಂವಾ ತೆಗೀತಾನ ಅಂತ ನಿನಗ ಗೊತ್ತಿತ್ತೇನು?’ ಎಂದು ಕೇಳಿದೆ.

ಗೊತ್ತಿತ್ತು. ‘ತೆಗೀರಿ’ ಎಂದು ಬೇಡಿದ್ದರೆ ಅವರು ಬಾಗಿಲ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು, ಬದುಕುತ್ತಿದ್ದರು. ಅದೂ ಗೊತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವರನ್ನು ಉಳಿಸಲು ಇನ್ನೊಂದು ಸಲ ‘ತೆಗೀರಿ’ ಎಂದು ಬೇಡಬೇಕಾಗಿತ್ತು, ಸಂಜೂ. ಅದು ನನ್ನಿಂದ ಆಗಲಿಲ್ಲ.

ಮುಚ್ಚಿದ ಕೋಣೆ, ಒಳಗೆ ಹೊಗೆ, ಬಾಗಿಲು ಬಿಸಿ. ತೆಗೆಯಬೇಡ ಎನ್ನಬೇಕು. ನೀನು ಕಲಿಸಿದ ಉತ್ತರವನ್ನೇ ನಾನು ಹೇಳಿದೆ, ಒಂದಕ್ಷರ ತಪ್ಪಿಲ್ಲ. ಇಷ್ಟು ದಿನ ಅಂಕ ಹಾಕಿದವಳು ನಾನು. ಈ ಉತ್ತರಕ್ಕೆ ಹತ್ತಕ್ಕೆ ಎಷ್ಟು ಎಂದು ನೀನೇ ಹಾಕು.

ನಿನ್ನ ಅಕ್ಕ
ತ್ರಿವೇಣಿ